ಪ್ಲಾಸ್ಮಾದಲ್ಲಿ ಫ್ಯಾಕ್ಟರ್ 8 ಕೆಲಸ ಮಾಡುತ್ತಿದೆಯಾ ಅಂತ ಲ್ಯಾಬ್‌ನಲ್ಲಿ ಹೇಗೆ ನೋಡುತ್ತಾರೆ?

ನೀವು ಕುಂದಾಪುರದವರು. ಅಕ್ಕನ ಮಗನಿಗೆ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲಲಿಲ್ಲ, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಎಪಿಟಿಟಿ ಟೆಸ್ಟ್ ಜಾಸ್ತಿ ಬಂತು, ಈಗ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್ ನೋಡಿಸಿ ಅಂದಿದ್ದಾರೆ. ಅಳೆಯುವುದು ಪ್ರೋಟೀನ್ ಎಷ್ಟಿದೆ ಅಂತಲಾ, ಕೆಲಸ ಮಾಡುತ್ತದಾ ಅಂತಲಾ ಎಂಬುದು ನಿಮ್ಮ ಪ್ರಶ್ನೆ. ನಾನು ಮಂಗಳೂರಿನ ಲ್ಯಾಬ್ ಒಂದರಲ್ಲಿ ಇದೇ ಟೆಸ್ಟ್ ಮಾಡುವವಳು.

ಕೆಲಸವನ್ನೇ ನೋಡುತ್ತೇವೆ. ರಕ್ತದಲ್ಲಿ ಇದ್ದೂ ಏನೂ ಮಾಡದ ಪ್ರೋಟೀನ್ ಕೂಡ ಇರುತ್ತದೆ.

ನೀಲಿ ಮುಚ್ಚಳದ ಟ್ಯೂಬಿನಲ್ಲಿ ಸಿಟ್ರೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಡುವುದರಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿದ ದ್ರವ, ಬೇರೆ ಮಾಡಿ, ಹೆಪ್ಪುಗಟ್ಟುವುದಕ್ಕೆ ಚಾಲನೆ ಕೊಡುವ ರೀಏಜೆಂಟ್ ಹಾಕಿ, 37 ಡಿಗ್ರಿಯಲ್ಲಿಟ್ಟು, ಕ್ಯಾಲ್ಸಿಯಂ ವಾಪಸ್ ಕೊಡುತ್ತೇವೆ. ಹೆಪ್ಪುಗಟ್ಟಲು ಹಿಡಿದ ಸೆಕೆಂಡುಗಳೇ ಎಪಿಟಿಟಿ.

ಅದು ಜಾಸ್ತಿ ಬಂದರೆ ಆರೋಗ್ಯವಂತರ ಪ್ಲಾಸ್ಮಾವನ್ನು ಅರ್ಧಕ್ಕರ್ಧ ಬೆರೆಸುತ್ತೇವೆ. ಸಮಯ ಸರಿಹೋದರೆ ಏನೋ ಕೊರತೆ ಇದೆ. ಸರಿಹೋಗದಿದ್ದರೆ ಏನೋ ಅಡ್ಡ ಬರುತ್ತಿದೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ಇರಬಹುದು, ಫ್ಯಾಕ್ಟರಿನ ಕೆಲಸ ತಡೆಯುವ ಆ್ಯಂಟಿಬಾಡಿ ಇರಬಹುದು. ಫ್ಯಾಕ್ಟರ್ 8ರ ಆ್ಯಂಟಿಬಾಡಿ ಸ್ವಲ್ಪ ಕಳ್ಳ. ಬೆರೆಸಿದ ತಕ್ಷಣ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ, 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಬಣ್ಣ ಬಯಲು.

ಈ ಬೆರೆಸುವ ಉಪಾಯ ಹಳೆಯದು. 1947ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಪಾವ್ಲೊವ್‌ಸ್ಕಿ ಎಂಬ ಡಾಕ್ಟರು ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದ್ದ ಇಬ್ಬರು ರೋಗಿಗಳ ರಕ್ತ ಬೆರೆಸಿದರೆ ಸರಿಯಾಗಿ ಹೆಪ್ಪುಗಟ್ಟುವುದನ್ನು ಕಂಡರು. ಇಬ್ಬರಲ್ಲೂ ಕೊರತೆ ಒಂದೇ ಆಗಿದ್ದರೆ ಹಾಗಾಗುತ್ತಿರಲಿಲ್ಲ ಅಲ್ವಾ? ಒಬ್ಬರಿಗೆ ಫ್ಯಾಕ್ಟರ್ 8ರ ಕೊರತೆ, ಇನ್ನೊಬ್ಬರಿಗೆ ಫ್ಯಾಕ್ಟರ್ 9ರ ಕೊರತೆ ಎಂಬುದು ಆಮೇಲೆ ತಿಳಿಯಿತು.

ನಿಮ್ಮ ಹುಡುಗನಿಗೆ ಮಾಡುವುದೂ ಅದೇ ಜಾಡಿನದು. 8 ಒಂದೇ ಇಲ್ಲದ, ಉಳಿದೆಲ್ಲ ಇರುವ ಪ್ಲಾಸ್ಮಾ ತಯಾರಾಗಿ ಸಿಗುತ್ತದೆ. ಅದಕ್ಕೆ ಅವನ ಪ್ಲಾಸ್ಮಾವನ್ನು ತೆಳು ಮಾಡಿ ಸೇರಿಸುತ್ತೇವೆ. ಈಗ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬುದು ಅವನು ತಂದ 8ರ ಮೇಲೇ ನಿಂತಿದೆ. ಆರೋಗ್ಯವಂತರ ಮಟ್ಟಕ್ಕೆ ಹೋಲಿಸಿ 1 ಶೇಕಡಾಕ್ಕಿಂತ ಕಡಿಮೆ ಬಂದರೆ ಹಿಮೋಫಿಲಿಯಾ ತೀವ್ರ, 1ರಿಂದ 5 ಮಧ್ಯಮ, ಅದಕ್ಕಿಂತ ಮೇಲೆ 40ರವರೆಗೆ ಸೌಮ್ಯ.

ಎಪಿಟಿಟಿಯ ಸೆಕೆಂಡು ನೋಡಿ ಮಾತ್ರ ಹೆದರಬೇಡಿ ಮಾರಾಯ್ರೇ. ಫ್ಯಾಕ್ಟರ್ 12 ಎಂಬ ಇನ್ನೊಂದು ಪ್ರೋಟೀನ್ ಇಲ್ಲದವರಲ್ಲಿ ಅದು ವಿಪರೀತ ಏರುತ್ತದೆ, ಆದರೆ ರಕ್ತಸ್ರಾವ ಆಗುವುದಿಲ್ಲ. ಆ ಕೊರತೆ ಮೊದಲು ಗೊತ್ತಾದದ್ದು ಅಮೆರಿಕದ ಜಾನ್ ಹೇಗ್‌ಮನ್ ಎಂಬವರಲ್ಲಿ. 1968ರಲ್ಲಿ ಅವರು ತೀರಿಕೊಂಡದ್ದು ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡು! ಟ್ಯೂಬಿನ ಲೆಕ್ಕವೇ ಬೇರೆ, ಮೈಯ ಲೆಕ್ಕವೇ ಬೇರೆ.

ಇನ್ನೊಂದು ಮಾತು. ಕುಂದಾಪುರದಲ್ಲಿ ರಕ್ತ ತೆಗೆಸಿ ಬಸ್ಸಿನಲ್ಲಿ ಕಳಿಸಬೇಡಿ. ಸೆಕೆಗೆ, ತಡಕ್ಕೆ 8ರ ಶಕ್ತಿ ಇಳಿಯುತ್ತದೆ. ಮಲ್ಪೆಯ ಮೀನಿನ ಹಾಗೆ ಐಸ್ ಸುರಿದು ತರುವುದೂ ಬೇಡ, ಬೇರ್ಪಡಿಸದ ರಕ್ತಕ್ಕೆ ತಂಪೂ ಆಗುವುದಿಲ್ಲ. ಹುಡುಗನನ್ನೇ ಲ್ಯಾಬ್‌ಗೆ ಕರೆದುಕೊಂಡು ಬನ್ನಿ. ಟ್ಯೂಬ್ ಗೆರೆಯವರೆಗೆ ತುಂಬಿದೆಯಾ ನೋಡಿ.

8 ಕಡಿಮೆ ಬಂದರೆ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಕೂಡ ನೋಡಬೇಕಾ ಅಂತ ಡಾಕ್ಟರನ್ನು ಕೇಳಿ. ರಕ್ತದಲ್ಲಿ 8ನ್ನು ಕಾಯುವುದು ಅದೇ, ಅದು ಕಡಿಮೆಯಾದರೆ 8 ಕೂಡ ಇಳಿಯುತ್ತದೆ. ಮನೆಯ ಹೆಂಗಸರಲ್ಲಿ ಯಾರಿಗಾದರೂ ಮುಟ್ಟಿನ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ಹೇಳಿ.