ತೊಂದರೆಯಲ್ಲಿರುವ ಮಕ್ಕಳ ಫೋಟೋ ತೆಗೆದರೆ ಅವರಿಗೆ ನಿಜಕ್ಕೂ ಉಪಯೋಗ ಆಗುತ್ತದಾ?

ನೀವು ಕೇಳಿರುವುದು ಎರಡು ವಿಷಯ. ದುಡಿಮೆಗೆ ಬಿದ್ದ, ಬೀದಿಯಲ್ಲಿ ಬೆಳೆಯುತ್ತಿರುವ, ಶಾಲೆ ಬಿಡಿಸಿ ಮದುವೆ ಮಾಡಿಸಿದ ಮಕ್ಕಳ ಬಗ್ಗೆ ಫೋಟೋಗಳ ಮೂಲಕ ಜನರಿಗೆ ತಿಳಿಸಬೇಕು ಅಂತಿದ್ದೀರಿ. ಇದರಿಂದ ಏನಾದರೂ ಬದಲಾಗುತ್ತದಾ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಕೈಯಲ್ಲಿರುವುದು ಫೋನ್ ಮಾತ್ರ ಅಂತಲೂ ಬರೆದಿದ್ದೀರಿ.

ನಾನು ಹನ್ನೊಂದು ವರ್ಷದಿಂದ ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಫೋಟೋ ತೆಗೆದುಕೊಡುತ್ತಿದ್ದೇನೆ. ಬದಲಾಗುತ್ತದೆ, ಇದನ್ನು ಖಂಡಿತ ಹೇಳಬಲ್ಲೆ. ಆದರೆ ಅಳುವ ಮಗುವಿನ ಮುಖ ದೊಡ್ಡದಾಗಿ ತೋರಿಸಿದರೆ ಜನರ ಮನಸ್ಸು ಕರಗಿ ಎಲ್ಲ ಸರಿಹೋಗುತ್ತದೆ ಅಂತ ನಾನೂ ಮೊದಲು ನಂಬಿದ್ದೆ. ಅದು ಹಾಗಲ್ಲ ಅಂತ ಒಬ್ಬ ಹುಡುಗಿಯಿಂದ ಕಲಿತೆ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು, ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರ ಬಗ್ಗೆ.

ಲೂಯಿಸ್ ಹೈನ್ ಅಂತ ಒಬ್ಬರು ಅಮೆರಿಕದಲ್ಲಿ ಶಾಲಾ ಮೇಷ್ಟರಾಗಿದ್ದರು. 1908ರಲ್ಲಿ ಆ ಕೆಲಸ ಬಿಟ್ಟು ಬಾಲಕಾರ್ಮಿಕ ಪದ್ಧತಿ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗೆ ಫೋಟೋ ತೆಗೆಯಲು ಸೇರಿದರು. ನೂಲಿನ ಗಿರಣಿ, ಕಲ್ಲಿದ್ದಲು ಗಣಿ, ಗಾಜಿನ ಕಾರ್ಖಾನೆ, ಮೀನು ಡಬ್ಬಿಗೆ ತುಂಬುವ ಶೆಡ್ಡು, ಎಲ್ಲ ಕಡೆ ಓಡಾಡಿದರು. ಸಾವಿರಾರು ಫೋಟೋ ತೆಗೆದರು. ಮಾಲೀಕರು ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಒಮ್ಮೆ ಬೈಬಲ್ ಮಾರುವವರಾಗಿ, ಒಮ್ಮೆ ಪೋಸ್ಟ್‌ಕಾರ್ಡ್ ಮಾರುವವರಾಗಿ ಒಳಗೆ ಹೋಗುತ್ತಿದ್ದರಂತೆ.

ಅವರ ಫೋಟೋಗಳನ್ನು ನಿಧಾನವಾಗಿ ನೋಡಿ. ಬಹಳಷ್ಟರಲ್ಲಿ ಮಗು ಅಳುತ್ತಿಲ್ಲ. ಸುಮ್ಮನೆ ನಿಂತು ನೇರವಾಗಿ ನಮ್ಮನ್ನೇ ನೋಡುತ್ತಿದೆ. ಪಕ್ಕದಲ್ಲಿ ಯಂತ್ರ. ಆ ಯಂತ್ರ ಚೌಕಟ್ಟಿನ ಈ ತುದಿಯಿಂದ ಆ ತುದಿವರೆಗೂ ಹೋಗುತ್ತದೆ, ಮಗು ಅದರ ಮುಂದೆ ಒಂದು ಕಡ್ಡಿಯಷ್ಟು ಕಾಣುತ್ತದೆ. ಮಗು ಎಷ್ಟು ಚಿಕ್ಕದು, ಕೆಲಸ ಎಷ್ಟು ದೊಡ್ಡದು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಫೋಟೋ ಕೆಳಗೆ ಅವರು ಏನು ಬರೆಯುತ್ತಿದ್ದರು ಅನ್ನುವುದು ನನಗೆ ಇನ್ನೂ ಮುಖ್ಯ. 1908ರ ಡಿಸೆಂಬರ್‌ನಲ್ಲಿ ಉತ್ತರ ಕೆರೊಲಿನಾದ ಒಂದು ಗಿರಣಿಯಲ್ಲಿ ತೆಗೆದ ಹುಡುಗಿಯ ಫೋಟೋ ಇದೆ. ಅದರ ಜೊತೆಗಿರುವ ಟಿಪ್ಪಣಿಯಲ್ಲಿ ಇಷ್ಟಿದೆ: ಎತ್ತರ 51 ಇಂಚು. ಗಿರಣಿಗೆ ಸೇರಿ ಒಂದು ವರ್ಷ. ಕೆಲವೊಮ್ಮೆ ರಾತ್ರಿ ಪಾಳಿ. ದಿನಕ್ಕೆ 48 ಸೆಂಟ್ ಕೂಲಿ. ವಯಸ್ಸು ಎಷ್ಟು ಅಂತ ಕೇಳಿದರೆ ಮೊದಲು ನೆನಪಿಲ್ಲ ಅಂದಳು, ಆಮೇಲೆ ಗುಟ್ಟಾಗಿ, ಕೆಲಸ ಮಾಡುವಷ್ಟು ವಯಸ್ಸು ನನಗಾಗಿಲ್ಲ, ಆದರೂ ಮಾಡ್ತೀನಿ ಅಂತ ಹೇಳಿದಳು. ಅಲ್ಲಿದ್ದ 50 ಕೆಲಸಗಾರರಲ್ಲಿ ಹತ್ತು ಮಂದಿ ಅವಳಷ್ಟೇ ಗಾತ್ರದ ಮಕ್ಕಳು.

ಇದರಲ್ಲಿ 'ಪಾಪ' ಅನ್ನುವ ಮಾತೇ ಇಲ್ಲ. ಎತ್ತರ, ಕೂಲಿ, ಪಾಳಿ, ಎಷ್ಟು ಮಂದಿಯಲ್ಲಿ ಎಷ್ಟು ಮಕ್ಕಳು, ಅಷ್ಟೇ. ಇವು ಸುಳ್ಳು ಅಂತ ಮಾಲೀಕ ಸುಮ್ಮನೆ ತಳ್ಳಿಹಾಕುವುದು ಕಷ್ಟ. ಹೈನ್ ತಮ್ಮ ಅಂಗಿ ಗುಂಡಿಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಅಂತ ಮೊದಲೇ ತಿಳಿದುಕೊಂಡು, ಮಗು ಯಾವ ಗುಂಡಿಯವರೆಗೆ ಬರುತ್ತದೆ ನೋಡಿ ಎತ್ತರ ಲೆಕ್ಕ ಹಾಕುತ್ತಿದ್ದರು. ಜೇಬಿನೊಳಗೇ ಕೈಯಿಟ್ಟು ಯಾರಿಗೂ ಕಾಣದ ಹಾಗೆ ಬರೆದುಕೊಳ್ಳುತ್ತಿದ್ದರು. ನನಗೆ ಇದು ಅವರ ಯಾವ ಫೋಟೋಗಿಂತಲೂ ಕಡಿಮೆಯಲ್ಲ.

ಫಲ ಬರಲು ಎಷ್ಟು ಕಾಲ ಹಿಡಿಯಿತು ಗೊತ್ತಾ? 1916ರಲ್ಲಿ ಅಲ್ಲಿ ಬಾಲಕಾರ್ಮಿಕರ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂತು. 1918ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಗಟ್ಟಿಯಾಗಿ ನಿಂತ ಕಾನೂನು ಬಂದಿದ್ದು 1938ರಲ್ಲಿ, ಅಂದರೆ ಹೈನ್ ಶುರು ಮಾಡಿ 30 ವರ್ಷ ಆದ ಮೇಲೆ. ಫೋಟೋ ಒಂದರಿಂದಲೇ ಇದಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಕೀಲರು, ಕಾರ್ಮಿಕ ಸಂಘಗಳು, ಹಳ್ಳಿಹಳ್ಳಿ ಸುತ್ತಿ ಭಾಷಣ ಮಾಡಿದವರು ಎಲ್ಲ ಇದ್ದರು. ಫೋಟೋ ಅವರ ಕೈಯಲ್ಲಿ ಸಾಕ್ಷಿಯಾಗಿತ್ತು. ನೀವೂ ನಿಮ್ಮ ಫೋಟೋ ಯಾರ ಕೈಗೆ ಸಾಕ್ಷಿಯಾಗಿ ಹೋಗಬೇಕು ಅನ್ನುವುದನ್ನು ಮೊದಲು ಯೋಚಿಸಿ. ಸುಮ್ನೆ ಹಾಕಿ, ಜಾಸ್ತಿ ಜನ ನೋಡಿದರೆ ಸಾಕು ಅಂದರೆ ಅದು ಅಲ್ಲೇ ನಿಲ್ಲುತ್ತದೆ.

ಹಾಗೆ ನಿಂತುಹೋಗಿದ್ದಕ್ಕೂ ಉದಾಹರಣೆ ಇದೆ. 2015ರ ಸೆಪ್ಟೆಂಬರ್‌ನಲ್ಲಿ ಟರ್ಕಿಯ ಕಡಲ ತೀರದಲ್ಲಿ ಹೆಣವಾಗಿ ಸಿಕ್ಕ ಸಿರಿಯಾದ ಪುಟ್ಟ ಮಗುವಿನ ಫೋಟೋ ನೀವೂ ನೋಡಿರುತ್ತೀರಿ. ಅದು ಬಂದ ಕೂಡಲೇ ಸ್ವೀಡನ್ನಿನ ರೆಡ್ ಕ್ರಾಸ್‌ಗೆ ಸಿರಿಯಾ ನಿರಾಶ್ರಿತರಿಗಾಗಿ ಬರುತ್ತಿದ್ದ ದಾನ ಎಷ್ಟೋ ಪಟ್ಟು ಏರಿತು. ಕೆಲವೇ ವಾರಗಳಲ್ಲಿ ಇಳಿದುಹೋಯಿತು. ಯುದ್ಧ ಮಾತ್ರ ಇಳಿಯಲಿಲ್ಲ. ಕರುಣೆ ಬೇಗ ಉಕ್ಕುತ್ತದೆ, ಬೇಗ ಆರುತ್ತದೆ. ಆ ಹೊತ್ತಿನಲ್ಲೇ ಹಿಡಿದುಕೊಂಡು ಮುಂದಿನ ಕೆಲಸ ಮಾಡುವವರು ಪಕ್ಕದಲ್ಲಿ ಇರಬೇಕು.

ಈಗ ಆ ಹುಡುಗಿಯ ಕಥೆ. ನಾನು ಈ ಕೆಲಸಕ್ಕೆ ಬಂದ ಎರಡನೇ ವರ್ಷ. ಒಂದು ಕೆಲಸದ ಜಾಗದಿಂದ ಬಿಡಿಸಿ ತಂದ ಮಕ್ಕಳ ಫೋಟೋ ತೆಗೆಯಲು ಕರೆದಿದ್ದರು. ಅವಳಿಗೆ ಹತ್ತು ವರ್ಷ ಇರಬಹುದು. ಮುಖದ ಮೇಲೆ ಮಸಿ, ಕಣ್ಣಲ್ಲಿ ನೀರು. ನಾನು ಹತ್ತಿರ ಹೋಗಿ ತೆಗೆದೆ. ಜೊತೆಗಿದ್ದ ದೊಡ್ಡವರ ಒಪ್ಪಿಗೆ ಪಡೆದಿದ್ದೆ, ಕಾಗದವೂ ಇತ್ತು. ಅವಳನ್ನು ಕೇಳಲಿಲ್ಲ. ಆ ಫೋಟೋ ಪೋಸ್ಟರ್ ಆಯಿತು, ಜನ ಮೆಚ್ಚಿದರು, ನನಗೂ ಹೆಮ್ಮೆಯಾಯಿತು. ನಾಲ್ಕು ವರ್ಷದ ಮೇಲೆ ಅವಳೇ ಸಿಕ್ಕಳು. ಶಾಲೆಗೆ ಹೋಗುತ್ತಿದ್ದಳು, ಚೆನ್ನಾಗಿ ಓದುತ್ತಿದ್ದಳು. ತರಗತಿಯ ಮಕ್ಕಳಿಗೆ ಎಲ್ಲೋ ಆ ಫೋಟೋ ಸಿಕ್ಕಿ, ಅದನ್ನೇ ಹಿಡಿದು ಅವಳಿಗೊಂದು ಅಡ್ಡಹೆಸರು ಕಟ್ಟಿದ್ದರು. "ಅಣ್ಣಾ, ಅದನ್ನ ತೆಗೆಸೋಕೆ ಆಗುತ್ತಾ?" ಅಂತ ಕೇಳಿದಳು. ಪ್ರಯತ್ನ ಪಟ್ಟೆ. ಆ ಸಂಸ್ಥೆಯವರು ತೆಗೆದರು. ಅಷ್ಟರಲ್ಲಿ ಅದು ಎಷ್ಟು ಕಡೆ ನಕಲಾಗಿತ್ತು ಅಂದರೆ, ಇವತ್ತಿಗೂ ಆಗೀಗ ಯಾರದೋ ಬರಹದ ಜೊತೆ ನನ್ನ ಕಣ್ಣಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ಬರೆದು ತೆಗೆಯಲು ಕೇಳಿಕೊಳ್ಳುತ್ತೇನೆ. ಅವಳಿಗೆ ನಾನು ಮಾಡಿದ್ದು ಅನ್ಯಾಯವೇ.

ಅದಕ್ಕೇ ಮಗುವಿನ ಒಪ್ಪಿಗೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದೆಯಲ್ಲ, ಅದರ 12ನೇ ವಿಧಿ ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಅನ್ನುತ್ತದೆ, 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಅನ್ನುತ್ತದೆ. ಓದೋಕೆ ಸುಲಭ. ಆದರೆ ಕ್ಯಾಮೆರಾ ಹಿಡಿದ ದೊಡ್ಡವರು ಕೇಳಿದರೆ ಮಗು ಬೇಡ ಅನ್ನುತ್ತದಾ? ಅನ್ನುವುದಿಲ್ಲ, ಹೆದರಿಕೆಗೋ ಸಂಕೋಚಕ್ಕೋ ತಲೆ ಆಡಿಸುತ್ತದೆ. ಹಾಗಾಗಿ ನಾನು ಈಗ ಹೀಗೆ ಮಾಡುತ್ತೇನೆ. ಮೊದಲ ದಿನ ಫೋಟೋ ತೆಗೆಯುವುದೇ ಇಲ್ಲ. ಮಗುವಿಗೇ ಕ್ಯಾಮೆರಾ ಕೊಟ್ಟು ನನ್ನ ಫೋಟೋ ತೆಗೆಯಲು ಹೇಳುತ್ತೇನೆ. ಆಮೇಲೆ, ಈ ಫೋಟೋ ನಿನ್ನ ಶಾಲೆಯವರು, ನಿನ್ನ ಸಂಬಂಧಿಕರು, ಮುಂದೆ ನೀನು ದೊಡ್ಡವಳಾದ ಮೇಲೆ ನಿನ್ನ ಜೊತೆ ಕೆಲಸ ಮಾಡುವವರು ನೋಡಬಹುದು, ಆಗ ನಿನಗೆ ಹೇಗನ್ನಿಸಬಹುದು ಅಂತ ಮಾತಾಡುತ್ತೇನೆ. ತೆಗೆದದ್ದನ್ನು ಅಲ್ಲೇ ತೋರಿಸುತ್ತೇನೆ. ಬೇಡ ಅಂದರೆ ಅವರ ಎದುರಿಗೇ ಅಳಿಸುತ್ತೇನೆ. ಒಂದೆರಡು ಸಲ ನನ್ನ ಒಳ್ಳೊಳ್ಳೆ ಫೋಟೋಗಳು ಹೀಗೆ ಹೋಗಿವೆ. ಹೋಗಲಿ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು, ಎಚ್‌ಐವಿ ಇರುವ ಮಗು, ಅಪರಾಧದ ಆರೋಪ ಹೊತ್ತ ಮಗು, ಇವರ ಗುರುತು ಮಾತ್ರ ಯಾವ ಕಾರಣಕ್ಕೂ ಕಾಣಬಾರದು, ಮಗುವೇ ಒಪ್ಪಿದರೂ ಕೂಡ. ಕಣ್ಣಿನ ಮೇಲೆ ಒಂದು ಕಪ್ಪು ಪಟ್ಟಿ ಎಳೆದರೆ ಸಾಲದು, ಅಕ್ಕಪಕ್ಕದವರಿಗೆ ಗಲ್ಲ ನೋಡಿದರೆ, ಅಂಗಿ ನೋಡಿದರೆ, ಹಿಂದಿನ ಗೋಡೆ ನೋಡಿದರೆ ಗೊತ್ತಾಗಿಬಿಡುತ್ತದೆ. ಸಮವಸ್ತ್ರದ ಬ್ಯಾಡ್ಜ್, ಅಂಗಡಿ ಬೋರ್ಡು, ಬಸ್ಸಿನ ನಂಬರು ಎಲ್ಲ ನೋಡಿಕೊಳ್ಳಿ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಫೋಟೋದ ಒಳಗೇ ಜಾಗದ ಗುರುತು ಸೇರಿಕೊಂಡಿರುತ್ತದೆ. ಹೈನ್ ಮಕ್ಕಳ ಹೆಸರು, ಊರು ಎಲ್ಲ ಬರೆಯುತ್ತಿದ್ದರು. ಆ ಕಾಲಕ್ಕೆ ಸರಿ. ಒಂದು ಫೋಟೋ ಸೆಕೆಂಡಿನಲ್ಲಿ ಪ್ರಪಂಚ ಸುತ್ತುವ ಈ ಕಾಲದಲ್ಲಿ ಅದನ್ನು ಮಾತ್ರ ಅವರಿಂದ ಕಲಿಯಬೇಡಿ.

ಮುಖ ತೋರಿಸದೆ ಏನು ತೋರಿಸುವುದು ಅಂತ ಕೇಳುತ್ತೀರಿ ಅಲ್ವಾ? ಬೇಕಾದಷ್ಟಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 13.8 ಕೋಟಿ ಬಾಲಕಾರ್ಮಿಕರಿದ್ದಾರೆ. ಅವರಲ್ಲಿ ನೂರಕ್ಕೆ 61 ಮಂದಿ ದುಡಿಯುವುದು ಕೃಷಿಯಲ್ಲಿ. ನಾವು ಫೋಟೋದವರು ಓಡುವುದು ಹೊಗೆ, ಧೂಳು, ಬೆಂಕಿ ಇರುವ ಕಡೆಗೆ. ಹೊಲದ ಫೋಟೋ ತೆಗೆದರೆ ಹಸಿರು, ಬಿಸಿಲು, ಮಗುವಿನ ಕೈಯಲ್ಲಿ ಒಂದು ಬುಟ್ಟಿ, ನೋಡೋಕೆ ಚಂದ. ಅನ್ಯಾಯ ಕಾಣುವುದೇ ಇಲ್ಲ. ಮನೆಗೆಲಸಕ್ಕೆ ಇಟ್ಟುಕೊಂಡ ಹುಡುಗಿಯರ ಕಥೆಯೂ ಇದೇ, ಬಾಗಿಲ ಹಿಂದೆ ನಡೆಯುವುದಕ್ಕೆ ಫೋಟೋ ಎಲ್ಲಿ?

ಇಲ್ಲಿ ಹೊತ್ತನ್ನು ತೋರಿಸಬೇಕು. ಬೆಳಿಗ್ಗೆ ಐದಕ್ಕೆ ಆ ಕೈಗಳು ಏನು ಮಾಡುತ್ತಿದ್ದವು, ಹತ್ತಕ್ಕೆ ಏನು, ಮಧ್ಯಾಹ್ನ ಎರಡಕ್ಕೆ ಏನು, ರಾತ್ರಿ ಒಂಬತ್ತಕ್ಕೆ ಏನು. ಕೈ ಮಾತ್ರ, ಕೆಳಗೆ ಗಂಟೆ ಮಾತ್ರ. ನಾನು ಇಂಥದೊಂದು ಸಾಲು ಮಾಡಿದ್ದೆ, ಕೊನೆಯ ಚಿತ್ರ ಆ ಹೊತ್ತಿನಲ್ಲಿ ಖಾಲಿ ಇದ್ದ ಶಾಲೆಯ ಒಂದು ಬೆಂಚು. ಒಂದು ಸಭೆಯಲ್ಲಿ ಅದನ್ನು ನೋಡಿದ ಅಧಿಕಾರಿಯೊಬ್ಬರು, ಇದು ಎಷ್ಟು ಮಕ್ಕಳ ಕಥೆ ಅಂತ ಕೇಳಿದರು. ಅಳುವ ಮುಖ ತೋರಿಸಿದಾಗ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ, ಆ ಒಂದು ಮಗುವಿಗೆ ಏನು ಕೊಡಬೇಕು ಅಂತ ಕೇಳುತ್ತಿದ್ದರು. ಕೂಲಿ ಬರೆದ ಚೀಟಿ, ಮಗುವಿನ ಪಾದಕ್ಕಿಂತ ದೊಡ್ಡ ಚಪ್ಪಲಿ, ದೊಡ್ಡವರ ಅಳತೆಗೆ ಮಾಡಿದ ಗುದ್ದಲಿ, ಇವೆಲ್ಲ ಮಾತಾಡುತ್ತವೆ.

ಹೆಚ್ಚು ಮಾಡಿ ತೋರಿಸಲು ಮಾತ್ರ ಹೋಗಬೇಡಿ. ಲಂಡನ್ನಿನ ಥಾಮಸ್ ಬರ್ನಾರ್ಡೊ ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ದೊಡ್ಡ ಮನುಷ್ಯ. ಆದರೆ ಆಶ್ರಮಕ್ಕೆ ಬರುವ ಮುಂಚೆ ಹೀಗಿದ್ದರು, ಬಂದ ಮೇಲೆ ಹೀಗಾದರು ಅಂತ ತೋರಿಸುವ ಫೋಟೋಗಳನ್ನು ಮಾಡಿಸಿ ಹಂಚುತ್ತಿದ್ದರು. ಅವುಗಳಲ್ಲಿ ಕೆಲವನ್ನು ಬೇಕೆಂತಲೇ ಸಜ್ಜುಮಾಡಿ ತೆಗೆಸಿದ್ದರು. 1877ರಲ್ಲಿ ಮಧ್ಯಸ್ಥರ ಮುಂದೆ ಪಂಚಾಯಿತಿ ನಡೆದು, ಹೀಗೆ ಮಾಡಿದ್ದು ತಪ್ಪು ಅಂತ ತೀರ್ಪಾಯಿತು. ಮಾಡಿದ್ದು ಒಳ್ಳೆಯ ಕೆಲಸವೇ, ಆದರೂ ಜನರ ಮುಂದೆ ಅನುಮಾನಕ್ಕೆ ಜಾಗವಾಯಿತು. ಈಗ ಕಂಪ್ಯೂಟರಿನಲ್ಲಿ ಬಡ ಮಗುವಿನ ಚಿತ್ರ ಹುಟ್ಟಿಸಬಹುದು, ಯಾರ ಗುರುತೂ ಹೊರಬರುವುದಿಲ್ಲ ಅಂತ ಕೆಲವರು ಸಲಹೆ ಕೊಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇದು ನಡೆದದ್ದು, ನಾನು ಅಲ್ಲಿದ್ದೆ ಅನ್ನುವ ಒಂದೇ ಬಲ ನಮ್ಮ ಹತ್ತಿರ ಇರುವುದು.

ಇನ್ನೊಂದು ದಾರಿ ಇದೆ, ನನಗೆ ಈಗ ಅದೇ ಹೆಚ್ಚು ಇಷ್ಟ: ಕ್ಯಾಮೆರಾ ಮಕ್ಕಳಿಗೇ ಕೊಡುವುದು. ವೆಂಡಿ ಈವಾಲ್ಡ್ ಅನ್ನುವ ಫೋಟೋಗ್ರಾಫರ್ 1970ರ ದಶಕದಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಬೆಟ್ಟದ ಹಳ್ಳಿಗಳ ಶಾಲಾ ಮಕ್ಕಳಿಗೆ ಫೋಟೋ ತೆಗೆಯುವುದು ಕಲಿಸಿದರು. ಆ ಮಕ್ಕಳು ತಮ್ಮ ಮನೆ, ತಮ್ಮವರು, ತಮ್ಮ ಕನಸುಗಳನ್ನು ತೆಗೆದರು. ನಾನು ಸಣ್ಣದಾಗಿ ಇದನ್ನು ಮಾಡಿ ನೋಡಿದ್ದೇನೆ. 'ನಿನಗೆ ಹೆದರಿಕೆಯಾಗುವ ಜಾಗ ತೆಗೆದುಕೊಂಡು ಬಾ' ಅಂದಿದ್ದೆ. ಕತ್ತಲೆ, ಗಲ್ಲಿ ಅಂತ ಏನೋ ಬರುತ್ತದೆ ಅಂದುಕೊಂಡಿದ್ದೆ. ಮೂರು ಹುಡುಗಿಯರು ಶೌಚಾಲಯದ ಚಿಲಕವಿಲ್ಲದ ಬಾಗಿಲು ತೆಗೆದುಕೊಂಡು ಬಂದರು. ಅಷ್ಟು ವರ್ಷ ಅದೇ ಬಾಗಿಲ ಮುಂದೆ ಓಡಾಡಿದ ನನಗೆ ಅದು ಕಂಡಿರಲಿಲ್ಲ. ಚಿಲಕ ಆ ತಿಂಗಳೇ ಹಾಕಿಸಿದರು.

ನಿಮ್ಮ ಫೋನ್ ಸಾಕು. ಹೈನ್ ಗಾಜಿನ ಫಲಕಗಳನ್ನೂ ಬೆಳಕಿಗೆ ಉರಿಸುವ ಪುಡಿಯನ್ನೂ ಹೊತ್ತು ತಿರುಗಿದವರು, ನಿಮಗೆ ಆ ಕಷ್ಟವಿಲ್ಲ. ಒಬ್ಬರೇ ಹೋಗಬೇಡಿ, ಆ ಮಕ್ಕಳ ಜೊತೆ ಮೊದಲಿಂದ ಇರುವ ಟೀಚರ್ ಅಥವಾ ಕಾರ್ಯಕರ್ತರ ಜೊತೆ ಹೋಗಿ. ನೀವು ಬಂದುಹೋದ ಮೇಲೆ ಮಾಲೀಕನ ಸಿಟ್ಟು ಮಗುವಿನ ಮೇಲೆ ಬೀಳಬಹುದು, ಆಗ ಪಕ್ಕದಲ್ಲಿ ಇರುವವರು ಅವರೇ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಫೋನ್ ಒಳಗಿಟ್ಟು ಮೊದಲು ಸಹಾಯಕ್ಕೆ ಕರೆಯಿರಿ. ಮತ್ತೆ ಒಂದು ಸಣ್ಣ ಪುಸ್ತಕ ಕೊಳ್ಳಿ. ದಿನಾಂಕ, ಹೊತ್ತು, ಎಷ್ಟು ಗಂಟೆ ಕೆಲಸ, ಎಷ್ಟು ಕೂಲಿ, ಅದು ಯಾರ ಕೈಗೆ ಹೋಗುತ್ತದೆ, ಶಾಲೆ ಬಿಟ್ಟು ಎಷ್ಟು ದಿನವಾಯಿತು, ಇಷ್ಟನ್ನು ಅವತ್ತೇ ರಾತ್ರಿ ಬರೆದಿಡಿ. ಮರುದಿನಕ್ಕೆ ಅರ್ಧ ಮರೆತುಹೋಗಿರುತ್ತದೆ.