ಮುಚ್ಚಲಿರುವ ಅಂಗಡಿಯ ಕಾರ್ಡು ಮಾರಲೇ?

ಪ್ರಶ್ನೆ: ನನಗೆ 34 ವರ್ಷ. ಮನೆಯಲ್ಲಿ ಆಯಿ ಮತ್ತು ನಾನು ಇಬ್ಬರೇ. ನಾಲ್ಕೈದು ಊರುಗಳಲ್ಲಿ ಶಾಖೆ ಇಟ್ಟಿದ್ದ ಪುಸ್ತಕದಂಗಡಿಯ ಶಿರಸಿ ಶಾಖೆಯಲ್ಲಿ 9 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಎರಡು ಶಾಖೆ ಆಗಲೇ ಮುಚ್ಚಿವೆ. ಮೂರು ತಿಂಗಳಿಂದ ಅರ್ಧ ಸಂಬಳ. ಹೊಸ ಪುಸ್ತಕ ಬರುತ್ತಿಲ್ಲ. ಕಪಾಟು ಖಾಲಿ ಕಾಣಬಾರದು ಅಂತ ಇರುವ ಪುಸ್ತಕಗಳನ್ನೇ ಮುಖ ಮುಂದೆ ಮಾಡಿ ನಿಲ್ಲಿಸುತ್ತೇನೆ. ಈಗ ಹೆಡ್ ಆಫೀಸಿನವರು 1,000 ರೂಪಾಯಿಯ ವಾರ್ಷಿಕ ಸದಸ್ಯತ್ವದ ಕಾರ್ಡು ಮಾರಲು ಹೇಳಿದ್ದಾರೆ. ತಿಂಗಳಿಗೆ 20 ಆಗಲೇಬೇಕಂತೆ. ಹೋದ ವಾರ ನಮ್ಮಲ್ಲಿಗೆ ಯಾವಾಗಲೂ ಬರುವ ನಿವೃತ್ತ ಮಾಸ್ತರೊಬ್ಬರು ನನ್ನ ಮಾತು ಕೇಳಿ ಕಾರ್ಡು ತಗೊಂಡರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸೊಸೈಟಿಯ ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಆದರೆ ಕಿರಾಣಿ ಬಿಲ್ಲು ಮಾಡುತ್ತ ಕೂರಲು ಮನಸ್ಸಿಲ್ಲ. ಈ ಹೊತ್ತಿನಲ್ಲಿ ಬಿಟ್ಟು ಹೋದರೆ ಅಂಗಡಿಯನ್ನು ನಾನೇ ಮುಳುಗಿಸಿದ ಹಾಗೆ ಅನ್ನಿಸುತ್ತದೆ. ಏನು ಮಾಡಲಿ?
ಹೆಸರು ಬೇಡ, ಶಿರಸಿ

ಉತ್ತರ: ತಂಗಿ, ಮೊದಲು ಕಾರ್ಡಿನ ವಿಷಯ. ನಾಳೆಯಿಂದ ಅದನ್ನು ಮಾರುವುದು ನಿಲ್ಲಿಸಿ.

ಮಾಸ್ತರು ಅಂಗಡಿಯ ಬೋರ್ಡು ನೋಡಿ ಸಾವಿರ ರೂಪಾಯಿ ಕೊಟ್ಟದ್ದಲ್ಲ, ನಿಮ್ಮ ಮುಖ ನೋಡಿ ಕೊಟ್ಟರು. ನಿಮಗೆ ನಿದ್ದೆ ಬರದೇ ಹೋಗಿದ್ದು ಅದಕ್ಕೇ ಅಲ್ವಾ? ಅಂಗಡಿ ಇನ್ನೊಂದು ವರ್ಷ ಇರುತ್ತದೆ ಅಂತ ನೀವೇ ನಂಬಿಲ್ಲ. ಹಾಗಿರುವಾಗ ಆ ಕಾರ್ಡು ಹೆಸರಿಗೆ ಮಾತ್ರ ಸದಸ್ಯತ್ವ. ನಿಜವಾಗಿ ಅದು ಮಾಸ್ತರ ಹತ್ತಿರ ತೆಗೆದುಕೊಂಡ ಸಾಲ. ನಾಳೆ ಬಾಗಿಲು ಮುಚ್ಚಿದರೆ ದೇವಿಕೆರೆ ಹತ್ತಿರ ಅವರಿಗೆ ಎದುರಾಗುವವರು ಹೆಡ್ ಆಫೀಸಿನವರಲ್ಲ, ನೀವು.

ಇದಕ್ಕಾಗಿ ಜಗಳ ಮಾಡಬೇಕಿಲ್ಲ. ಮ್ಯಾನೇಜರಿಗೆ ವಾಟ್ಸಾಪ್‌ನಲ್ಲಿ ಇಷ್ಟು ಬರೆಯಿರಿ: “ಶಾಖೆ ಮುಚ್ಚಿದರೆ ಕಾರ್ಡಿನ ಹಣ ವಾಪಸ್ ಕೊಡುತ್ತೇವೆ ಅಂತ ಬರೆದು ಕೊಡಿ. ಅದನ್ನು ಗಿರಾಕಿಗಳಿಗೆ ತೋರಿಸಿಯೇ ಮಾರುತ್ತೇನೆ.” ಬರೆದು ಕೊಟ್ಟರೆ ಒಳ್ಳೆಯದೇ. ಕೊಡದಿದ್ದರೆ ಅಂಗಡಿಯ ಸ್ಥಿತಿ ಏನು ಅಂತ ನಿಮಗೆ ಗೊತ್ತಾಗುತ್ತದೆ. ಆ ಮೆಸೇಜನ್ನು ಅಳಿಸಬೇಡಿ.

ಇನ್ನು ಅಂಗಡಿ ಮುಳುಗಿಸುವ ಮಾತು. ಪುಸ್ತಕಗಳ ಮುಖ ಮುಂದೆ ಮಾಡಿ ನಿಲ್ಲಿಸುತ್ತೇನೆ ಅಂತ ಬರೆದಿದ್ದೀರಿ. ಅದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ಇಪ್ಪತ್ತು ಪುಸ್ತಕ ಹಿಡಿಯುವ ಜಾಗದಲ್ಲಿ ನಾಲ್ಕನ್ನೇ ಇಟ್ಟು ಅಂಗಡಿಯ ಮರ್ಯಾದೆ ಕಾಪಾಡುತ್ತಿದ್ದೀರಿ. ನಿಮ್ಮೂರಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಪಾಟಿನೊಳಗೆ ಬಲ್ಬು ಉರಿಸಿಡಬೇಕು, ಒಣಬಟ್ಟೆಯಲ್ಲಿ ಒಂದೊಂದೇ ರಟ್ಟು ಒರೆಸಬೇಕು. ಇಂಥ ಕೆಲಸವನ್ನು 9 ವರ್ಷ ಮಾಡಿದವರು ಅಂಗಡಿ ಮುಳುಗಿಸಿದವರಾಗುತ್ತಾರಾ?

ಪ್ರಕಾಶಕರ ಬಾಕಿ ತೀರಿಸದಿದ್ದರೆ ಹೊಸ ಪುಸ್ತಕ ಬರುವುದಿಲ್ಲ. ಹೊಸದು ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ. ಬಂದವರಲ್ಲೂ ಕೆಲವರು ಮುಖಪುಟದ ಫೋಟೊ ಹೊಡೆದುಕೊಂಡು ಹೋಗಿ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ತರಿಸುತ್ತಾರೆ. ಇದರಲ್ಲಿ ಕೌಂಟರಿನಲ್ಲಿ ನಿಂತವರ ಕೈಯಲ್ಲಿ ಏನೂ ಇಲ್ಲ. ಅಮೆರಿಕದಲ್ಲಿ ಬಾರ್ಡರ್ಸ್ ಅಂತ ದೊಡ್ಡ ಪುಸ್ತಕ ಮಳಿಗೆಗಳ ಕಂಪನಿ ಇತ್ತು. 2001ರಲ್ಲಿ ತನ್ನ ಆನ್‌ಲೈನ್ ಮಾರಾಟವನ್ನು ಅದು ಅಮೆಜಾನ್ ಕೈಗೇ ಒಪ್ಪಿಸಿತು. 2011ರಲ್ಲಿ ಉಳಿದಿದ್ದ ಸುಮಾರು 400 ಅಂಗಡಿಗಳೂ ಮುಚ್ಚಿದವು. ಸುಮಾರು 10,700 ಜನ ಕೆಲಸ ಕಳೆದುಕೊಂಡರು. ಅವರಲ್ಲೂ ನಿಮ್ಮಂತೆ ಪುಸ್ತಕ ಒರೆಸಿ ಇಟ್ಟವರು ಎಷ್ಟೋ ಜನ ಇದ್ದಿರಬೇಕು. ಆ ತೀರ್ಮಾನ ಮಾಡುವಾಗ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ.

ಈಗ ದುಡ್ಡಿನ ಮಾತು. ಇದನ್ನು ಕೇಳಲು ಸಂಕೋಚ ಬೇಡ. ನಾನು ಹಿಂದೆ ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚುವಾಗ ಮಾಲೀಕರಿಗೆ ಬೇಜಾರಾಗುತ್ತದೆ ಅಂತ ನಾವು ಯಾರೂ ಬಾಯಿ ಬಿಡಲಿಲ್ಲ. ನಮ್ಮ ಸಂಬಳದಲ್ಲಿ ಹಿಡಿದ ಪಿಎಫ್ ಹಣವನ್ನು ತಿಂಗಳುಗಟ್ಟಲೆ ಕಟ್ಟಿರಲೇ ಇಲ್ಲ ಅಂತ ಗೊತ್ತಾಗಿದ್ದು ಬೀಗ ಹಾಕಿದ ಮೇಲೆ. ಹಾಗಾಗಿ ಇವತ್ತೇ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆರೆದು, ಪ್ರತಿ ತಿಂಗಳೂ ಜಮೆ ಆಗಿದೆಯಾ ನೋಡಿ. 5 ವರ್ಷ ದಾಟಿದವರು ತಾವಾಗಿಯೇ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡುವ ಇಡಿಗಂಟು, ಸಿಗುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆ ಅದನ್ನು ಕೊಡಲೇಬೇಕು. ಲೆಕ್ಕ ಸುಲಭ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ಇದೆ ಅಂತ ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. ಅದು ಒಂದು ವರ್ಷದ್ದು. 9 ವರ್ಷಕ್ಕೆ 67,500. ಆಯಿಯನ್ನು ನೋಡಿಕೊಳ್ಳುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಬಾಕಿ ಇರುವ ಅರ್ಧ ಸಂಬಳದ ಲೆಕ್ಕವನ್ನೂ ಬರೆದು, ಪ್ರತಿ ಇಟ್ಟುಕೊಂಡೇ ಕೊಡಿ. ಹಳೆಯ ಸಂಬಳದ ಚೀಟಿಗಳು ಅಂಗಡಿಯ ಡ್ರಾಯರಿನಲ್ಲಿದ್ದರೆ ಮನೆಗೆ ತನ್ನಿ. ಅವರು ಕೊಡದೆ ಸತಾಯಿಸಿದರೆ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ.

ಸೊಸೈಟಿ ಕೆಲಸಕ್ಕೆ ಹೂಂ ಅನ್ನಿ. ತಿಂಗಳು ತುಂಬಿದಾಗ ಪೂರ್ತಿ ಸಂಬಳ ಕೈಗೆ ಬಂದರೆ ಮನಸ್ಸಿಗೆ ಎಷ್ಟು ನಿರಾಳ ಅನ್ನುವುದು ಮೂರು ತಿಂಗಳಿಂದ ನಿಮಗೆ ಮರೆತುಹೋಗಿರಬಹುದು. ಕಿರಾಣಿ ಬಿಲ್ಲಿನ ಬಗ್ಗೆ ನಿಮಗಿರುವ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅಡಿಕೆ ಹಾಕಲು ಪೇಟೆಗೆ ಬಂದವರು, ಶಾಲೆ ಬಿಟ್ಟು ಸಾಮಾನು ಒಯ್ಯುವ ಅಕ್ಕೋರು, ಎಲ್ಲ ನಿಮ್ಮ ಹಳೆಯ ಗಿರಾಕಿಗಳೇ. ಯಾರಿಗೆ ಕತೆ ಇಷ್ಟ, ಯಾವ ಹುಡುಗ ಕೆಎಎಸ್‌ಗೆ ಓದುತ್ತಿದ್ದಾನೆ ಅನ್ನುವುದು ನಿಮ್ಮ ತಲೆಯಲ್ಲಿದೆ. ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ, ಪ್ರಕಾಶಕರಿಂದ ಕಮಿಷನ್ ಮೇಲೆ ಒಂದಿಷ್ಟು ಪುಸ್ತಕ ತಂದು ತಾಳಮದ್ದಳೆ ನಡೆಯುವಲ್ಲಿ, ರಾಜ್ಯೋತ್ಸವದಲ್ಲಿ ಮೇಜು ಹಾಕಬಹುದು. ಅದು ಈಗಲೇ ಬೇಡ. ಈಗ ಸಾಲ ಮಾಡಿ ಏನನ್ನೂ ಶುರು ಮಾಡಬೇಡಿ.

ಬಿಡುವ ಮೊದಲು ಇನ್ನೊಂದು ಕೆಲಸ. ಕಾರ್ಡು ಕೊಂಡವರ, ಪುಸ್ತಕಕ್ಕೆ ಮುಂಗಡ ಕೊಟ್ಟು ಕಾಯುತ್ತಿರುವವರ ಪಟ್ಟಿ ಮಾಡಿ. ಗಲ್ಲಾದಲ್ಲಿ ದುಡ್ಡು ಇರುವಾಗಲೇ ಮ್ಯಾನೇಜರ್ ಒಪ್ಪಿಗೆ ತಗೊಂಡು ವಾಪಸ್ ಕೊಡಿಸಿ, ರಸೀದಿ ಮೇಲೆ ಸಹಿ ಹಾಕಿಸಿಕೊಳ್ಳಿ. ಮ್ಯಾನೇಜರ್ ಒಪ್ಪದಿದ್ದರೆ ಅವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿ, ಹಣ ಈಗಲೇ ಕೇಳಿ ಅನ್ನಿ. ಮಾಸ್ತರಿಗೆ ಫೋನ್ ಮಾಡಬೇಡಿ, ಮನೆಗೇ ಹೋಗಿ ಬನ್ನಿ.