ಐದಕ್ಕೆ ಮುಗಿಯಬೇಕಿತ್ತೆ, ಹದಿನೈದು ಹೆಚ್ಚಾಯಿತೆ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ಕುರಿತ ಪ್ರಶ್ನೆಯೊಂದಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಂಡಿದ್ದೆ. ಆ ಉದಾಸೀನಕ್ಕೆ ತಕ್ಕ ಶಾಸ್ತಿಯಾಗಿದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ. ನೋಡದವರಿಗಾಗಿ ಇಷ್ಟು ಹೇಳಬೇಕು: ತಾಯಿಯನ್ನು ಪಿಶಾಚಿಯ ಬೆಂಕಿಗೆ ಕಳೆದುಕೊಂಡ ಡೀನ್ ಮತ್ತು ಸ್ಯಾಮ್ ವಿಂಚೆಸ್ಟರ್ ಎಂಬ ಅಣ್ಣತಮ್ಮಂದಿರು ಹಳೆಯ ಕಾರೊಂದರಲ್ಲಿ ಊರೂರು ಸುತ್ತುತ್ತ ದೆವ್ವಭೂತಗಳನ್ನು ಬೇಟೆಯಾಡುವ ಕತೆ ಇದು. 2005ರ ಸೆಪ್ಟೆಂಬರ್ 13ರಂದು ಆರಂಭವಾಗಿ 2020ರ ನವೆಂಬರ್ 19ರಂದು ಮುಗಿಯುವ ಹೊತ್ತಿಗೆ 15 ಸೀಸನ್, 327 ಕಂತುಗಳಾಗಿದ್ದವು. ಕೊನೆಯ ಕಂತಿನ ಗುಟ್ಟು ಈ ಅಂಕಣದಲ್ಲಿ ಬಯಲಾಗುತ್ತದೆ. ಇನ್ನೂ ನೋಡುತ್ತಿರುವವರು ಕೊನೆಯ ಪತ್ರವನ್ನು ಬಿಟ್ಟು ಓದುವುದು ಒಳ್ಳೆಯದು.

ಐದನೆಯ ಸೀಸನ್ನಿನವರೆಗೆ ನಿದ್ದೆಗೆಟ್ಟು ನೋಡಿದೆ. ಈಗ ಏಳನೆಯದರಲ್ಲಿದ್ದೇನೆ, ಕಂತು ಓಡುತ್ತಿದ್ದರೆ ನಾನು ಬಟ್ಟೆ ಮಡಚುತ್ತಿರುತ್ತೇನೆ. ಐದಕ್ಕೇ ನಿಲ್ಲಿಸಬೇಕಿತ್ತು ಎನ್ನುವವರ ಮಾತು ನಿಜವೆ? ಬಿಡುವುದಕ್ಕೂ ಮನಸ್ಸು ಬರುತ್ತಿಲ್ಲ.
— ಓದುಗಿ, ಮೈಸೂರು

ಆ ಮಾತಿಗೆ ಆಧಾರವಿದೆ. ಧಾರಾವಾಹಿಯನ್ನು ಹುಟ್ಟುಹಾಕಿದ ಎರಿಕ್ ಕ್ರಿಪ್ಕಿ ಅವರ ಮನಸ್ಸಿನಲ್ಲಿದ್ದದ್ದು ಐದು ವರ್ಷಗಳ ಕತೆಯೇ. 2010ರ ಮೇ ತಿಂಗಳಲ್ಲಿ ಪ್ರಸಾರವಾದ ಐದನೆಯ ಸೀಸನ್ನಿನ ಕೊನೆಯ ಕಂತನ್ನು ನೋಡಿದವರಿಗೆ ಅದು ಗೊತ್ತಾಗಿಯೇ ತೀರುತ್ತದೆ. ಸ್ಯಾಮ್‌ನ ದೇಹವನ್ನು ಹೊಕ್ಕ ಸೈತಾನ ಲೂಸಿಫರ್ ಸ್ಮಶಾನದಲ್ಲಿ ಡೀನ್‌ನನ್ನು ಕಾರಿಗೆ ಒತ್ತಿ ಹಿಡಿದು ಬಡಿಯುತ್ತಿರುವಾಗ, ಕಾರಿನ ಬೂದಿಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿರುವ ಆಟಿಕೆಯ ಸೈನಿಕನೊಂದು ಲೂಸಿಫರ್‌ನ ಕಣ್ಣಿಗೆ ಬೀಳುತ್ತದೆ. ಚಿಕ್ಕವನಿದ್ದಾಗ ಸ್ಯಾಮ್‌ನೇ ಅಲ್ಲಿ ತುರುಕಿದ್ದ ಸೈನಿಕ ಅದು. ದೇವದೂತರ ಸೇನೆಯಿಂದ ಆಗದ ಕೆಲಸ ಅಷ್ಟರಿಂದ ಆಗುತ್ತದೆ. ಸ್ಯಾಮ್ ತನ್ನ ಮೈಯ ಮೇಲೆ ಹಿಡಿತ ಸಾಧಿಸಿ, ಲೂಸಿಫರ್‌ನ ಸಮೇತ ಪಾತಾಳಕ್ಕೆ ಹಾರಿಕೊಳ್ಳುತ್ತಾನೆ. ಜಗತ್ಪ್ರಳಯದ ಕತೆಯನ್ನು ಹೆಬ್ಬೆರಳಿನಷ್ಟು ಗಾತ್ರದ ಪ್ಲಾಸ್ಟಿಕ್ ಗೊಂಬೆಯ ಮೇಲೆ ನಿಲ್ಲಿಸುವ ಆ ಧೈರ್ಯ ಮುಂದಿನ ಹತ್ತು ವರ್ಷಗಳಲ್ಲಿ ಮತ್ತೆ ಅಷ್ಟು ಚೆನ್ನಾಗಿ ಕೂಡಿಬರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕ್ರಿಪ್ಕಿ ಪಕ್ಕಕ್ಕೆ ಸರಿದು ಆರನೆಯ ಸೀಸನ್ನಿನಿಂದ ಸೆರಾ ಗ್ಯಾಂಬಲ್ ಚುಕ್ಕಾಣಿ ಹಿಡಿದಾಗ ಅವರ ಕೈಗೆ ಬಂದದ್ದು ಕಷ್ಟದ ಬಳುವಳಿ. ಸೈತಾನನನ್ನೇ ಸೋಲಿಸಿದವರಿಗೆ ಮುಂದಿನ ಶತ್ರು ಯಾರು? ನೀವು ಈಗ ನೋಡುತ್ತಿರುವ ಲೆವಿಯಾಥನ್‌ಗಳು ಅದಕ್ಕೆ ಸಿಕ್ಕ ಉತ್ತರ. ಮನುಷ್ಯರೂಪದ ರಾಕ್ಷಸನೊಬ್ಬ ದೊಡ್ಡ ಕಂಪನಿ ನಡೆಸುತ್ತ, ತಿಂಡಿತಿನಿಸಿಗೆ ಏನೋ ಬೆರೆಸಿ ಜನರನ್ನು ಕೊಬ್ಬಿದ, ಪ್ರತಿರೋಧವಿಲ್ಲದ ಆಹಾರವನ್ನಾಗಿ ಮಾಡುವ ಕಲ್ಪನೆ ನನಗೆ ಇಂದಿಗೂ ಇಷ್ಟ. ಅದನ್ನು ಎಳೆದಾಡಿದ ರೀತಿ ಇಷ್ಟವಿಲ್ಲ. ಆದರೂ ಒಂದು ಮಾತನ್ನು ನೆನಪಿಡಬೇಕು. ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಕಂತುಗಳಂತೆ, ವಾರಕ್ಕೊಮ್ಮೆ ನೋಡುವವರಿಗಾಗಿ ಇದನ್ನು ತಯಾರಿಸಿದ್ದರು. ವಾರದ ಅಂತರದಲ್ಲಿ ಹಿತವೆನಿಸುವ ಪುನರಾವರ್ತನೆ, ರಾತ್ರಿಯೊಂದಕ್ಕೆ ನಾಲ್ಕು ಕಂತು ಮುಗಿಸುವವರಿಗೆ ಕಿರಿಕಿರಿಯಾಗುವುದು ಸಹಜ. ಆದ್ದರಿಂದ ಬಟ್ಟೆ ಮಡಚುತ್ತ ನೋಡುವುದಕ್ಕೆ ಸಂಕೋಚಪಡಬೇಡಿ, ಬಿಡಲೂ ಬೇಡಿ. ಎಂಟನೆಯ ಸೀಸನ್ನಿನಲ್ಲಿ ಈ ಅಲೆಮಾರಿಗಳಿಗೆ ನೆಲಮಾಳಿಗೆಯಲ್ಲೊಂದು ನೆಲೆ ಸಿಗುತ್ತದೆ, ಕತೆಗೂ ಉಸಿರು ಬರುತ್ತದೆ. ಹನ್ನೊಂದನೆಯ ಸೀಸನ್ನಿನ ನಾಲ್ಕನೆಯ ಕಂತು ಬಂದಾಗ ಮಾತ್ರ ಬಟ್ಟೆಯನ್ನು ಬದಿಗಿಟ್ಟು ಕುಳಿತುಕೊಳ್ಳಿ. ಇಡೀ ಕಂತನ್ನು 1967ರ ಆ ಶೆವರ್ಲೆ ಇಂಪಾಲಾ ಕಾರೇ ಕಂಡಂತೆ ಚಿತ್ರಿಸಿದ್ದಾರೆ. ಹೊರಗಿನ ಹೊಡೆದಾಟವೂ ಕಾರಿನ ಗಾಜಿನಾಚೆಗೆ ಕಂಡಷ್ಟೇ.

ಅಮ್ಮ ನಾನು ನೋಡುವುದನ್ನು ಕಂಡಾಗಲೆಲ್ಲ “ಇದೂ ದೆವ್ವದ ಸೀರಿಯಲ್ಲೇ ಅಲ್ವೇನೋ, ಇಂಗ್ಲಿಷಿನಲ್ಲಿದೆ ಅಷ್ಟೆ” ಎಂದು ನಗುತ್ತಾರೆ. ಏನು ಉತ್ತರ ಕೊಡಲಿ?
— ಓದುಗ, ಹಾಸನ

ಹೌದಮ್ಮ ಎನ್ನಿ. ಬಾಗಿಲಿಗೆ, ಕಿಟಕಿಗೆ ಉಪ್ಪಿನ ಗೆರೆ ಎಳೆದು, ಕಬ್ಬಿಣದ ಸರಳು ಹಿಡಿದು ದೆವ್ವವನ್ನು ತಡೆಯುವ ಅಣ್ಣತಮ್ಮಂದಿರನ್ನು ಅವರಿಗೆ ತೋರಿಸಿ. ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುವ, ಬಾಣಂತಿಯ ದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡುವ ನಾಡಿನವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಮೊದಲ ಕಂತಿನ ದೆವ್ವವಂತೂ ಬಿಳಿಯುಡುಗೆ ತೊಟ್ಟು, ರಾತ್ರಿ ಒಂಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಗಂಡಸರನ್ನು ಕೊಲ್ಲುವ ಹೆಂಗಸು. ನಮ್ಮ ಮೋಹಿನಿಯ ಕತೆ ಕೇಳಿದವರಿಗೆ ಹತ್ತಿರದ ಸಂಬಂಧಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮ ತಾಯಿಗೆ ನೆನಪಿದ್ದರೆ, ಮೊದಲ ಸೀಸನ್ ನಿಮಗಿಂತ ಅವರಿಗೇ ಹೆಚ್ಚು ರುಚಿಸಬಹುದು.

ಹತ್ತನೆಯ ಸೀಸನ್ನಿನಲ್ಲಿ ಚಾರ್ಲಿಯನ್ನು ಕೊಂದ ಮೇಲೆ ನೋಡುವುದನ್ನೇ ಬಿಟ್ಟೆ. ದುಡುಕಿದೆನೆ?
— ಓದುಗಿ, ಮಂಗಳೂರು

ಇಲ್ಲ. ಕಂಪ್ಯೂಟರಿನಲ್ಲಿ ಪಳಗಿದ, ಹೊಡೆದಾಟಕ್ಕಿಂತ ಬುದ್ಧಿಯನ್ನು ನಂಬಿದ ಹುಡುಗಿಯನ್ನು ತಂಗಿಯಂತೆ ಕತೆಯೊಳಗೆ ಕರೆತಂದು, ಕೊನೆಗೆ ಸ್ನಾನದ ತೊಟ್ಟಿಯಲ್ಲಿ ಹೆಣವಾಗಿ ತೋರಿಸಿದ್ದನ್ನು ನಾನೂ ಕ್ಷಮಿಸಿಲ್ಲ. ತಾಯಿ ಮೇರಿ, ಸ್ಯಾಮ್‌ನ ಗೆಳತಿ ಜೆಸಿಕಾ, ಎಲೆನ್ ಮತ್ತು ಅವಳ ಮಗಳು ಜೋ, ಆಮೇಲೆ ಚಾರ್ಲಿ. ಗಂಡಸರಿಬ್ಬರ ದುಃಖಕ್ಕೆ ಎಣ್ಣೆ ಹೊಯ್ಯುವುದಕ್ಕೆಂದೇ ಹೆಂಗಸರು ಸಾಯುತ್ತಾರೆ ಎಂಬ ದೂರು ಬರಿಯ ಮುನಿಸಿನ ಮಾತಲ್ಲ. ಗಂಡಸರೂ ಸತ್ತಿದ್ದಾರೆ, ನಿಜ. ಆದರೆ ಅವರಲ್ಲಿ ಮುಖ್ಯರಾದವರು ಎದ್ದು ಬಂದಷ್ಟು ಸಲೀಸಾಗಿ ಹೆಂಗಸರು ಬಂದಿಲ್ಲ.

ನಾನೂ ಅಕ್ಕನೂ ಕೊನೆಯ ಕಂತಿನ ವಿಷಯಕ್ಕೆ ಇಂದಿಗೂ ಜಗಳವಾಡುತ್ತೇವೆ. ಅವಳು ಅತ್ತು, ಇದೇ ಸರಿಯಾದ ಕೊನೆ ಎಂದಳು. ನನಗೆ ಮೋಸ ಹೋದಂತಾಯಿತು. ತೀರ್ಪು ನೀವೇ ಕೊಡಿ.
— ಓದುಗ, ಧಾರವಾಡ

ನಿಮ್ಮ ಸಿಟ್ಟನ್ನೂ ಅಕ್ಕನ ಅಳುವನ್ನೂ ಕಲಿಸಿದ್ದು ಒಂದೇ ಪಾಠ. ಇಲ್ಲಿ ಸಾವು ಚೌಕಾಶಿಗೆ ಬಗ್ಗುತ್ತದೆ. ಡೀನ್‌ಗಾಗಿ ತಂದೆ ಪ್ರಾಣ ಕೊಟ್ಟ; ಸ್ಯಾಮ್‌ಗಾಗಿ ಡೀನ್ ತನ್ನ ಆತ್ಮವನ್ನೇ ಮಾರಿದ; ನರಕಕ್ಕೆ ಬಿದ್ದ ಡೀನ್‌ನನ್ನು ನಾಲ್ಕನೆಯ ಸೀಸನ್ನಿನಲ್ಲಿ ಕ್ಯಾಸ್ಟಿಯಲ್ ಎಂಬ ದೇವದೂತ ಮೇಲೆತ್ತಿ ತಂದ; ಮೊದಲ ಕಂತಿನಲ್ಲೇ ಸತ್ತ ತಾಯಿ ಹನ್ನೊಂದನೆಯ ಸೀಸನ್ನಿನ ಕೊನೆಗೆ ಎದ್ದು ನಿಂತಳು. ಮೂರನೆಯ ಸೀಸನ್ನಿನ ಒಂದು ಕಂತಿನಲ್ಲಂತೂ ಡೀನ್ ಒಂದೇ ಮಂಗಳವಾರ ನೂರಕ್ಕೂ ಹೆಚ್ಚು ಬಾರಿ ಸಾಯುತ್ತಾನೆ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಹೀಗೆ ಹದಿನೈದು ವರ್ಷ ಅಭ್ಯಾಸ ಮಾಡಿಸಿ, ಕಟ್ಟಕಡೆಗೆ ಕೊಟ್ಟಿಗೆಯೊಂದರಲ್ಲಿ ನಾಲ್ಕಾರು ರಕ್ತಪಿಶಾಚಿಗಳ ಜೊತೆ ಕಾದಾಡುವಾಗ ಕಂಬದಿಂದ ಹೊರಚಾಚಿದ ಕಬ್ಬಿಣದ ಸರಳು ಬೆನ್ನಿಗೆ ನಾಟಿ ಅವನು ಸತ್ತ ಎಂದರೆ, ನೋಡುವವರ ಮನಸ್ಸು “ಮುಂದಿನ ಉಪಾಯವೇನು?” ಎಂದು ಕೇಳದೆ ಇರುತ್ತದೆಯೆ? ಈ ಸಲ ಉಪಾಯ ಬೇಡ, ನನ್ನನ್ನು ಮರಳಿ ತರಬೇಡ ಎಂದು ಡೀನ್‌ನೇ ತಮ್ಮನಿಗೆ ಹೇಳುತ್ತಾನೆ. ಅಕ್ಕ ಅತ್ತದ್ದು ಆ ಮಾತಿಗೆ ಎಂದು ನನ್ನ ಊಹೆ.

ಸಾವು ಸಣ್ಣದಾಯಿತು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಬೇಟೆಗಾರ ಬೇಟೆಯಲ್ಲೇ ಸತ್ತ. ಆದರೆ ನಿಮ್ಮ ಮೋಸದ ಭಾವನೆಗೆ ಬೇರೊಂದು ಕಡೆ ಬಲವಾದ ಕಾರಣವಿದೆ. ಹದಿನಾಲ್ಕನೆಯ ಸೀಸನ್ನಿನ ಕೊನೆಯಲ್ಲಿ, ಚಕ್ ಎಂಬ ಬಡಪಾಯಿ ಬರಹಗಾರನ ವೇಷದಲ್ಲಿದ್ದ ದೇವರೇ ಖಳನೆಂದು ಬಯಲಾಗುತ್ತದೆ. ಈ ಅಣ್ಣತಮ್ಮಂದಿರ ಗೋಳನ್ನು ತನ್ನ ಮನರಂಜನೆಗಾಗಿ ಬರೆಯುತ್ತ ಬಂದವನು ಅವನೇ, ಒಬ್ಬನು ಇನ್ನೊಬ್ಬನನ್ನು ಕೊಲ್ಲುವ ಮುಕ್ತಾಯ ಅವನಿಗೆ ಬೇಕಿದೆ. ಕತೆಯನ್ನು ಎಳೆಯುವವನನ್ನೇ ಕತೆಯ ರಾಕ್ಷಸನನ್ನಾಗಿ ಮಾಡಿದ್ದು ಅಭಿಮಾನಿಗಳ ಗೊಣಗಾಟಕ್ಕೆ ಬರಹಗಾರರು ಕೊಟ್ಟ ಅತ್ಯಂತ ಜಾಣ ಉತ್ತರವೆಂದು ನಾನು ಭಾವಿಸಿದ್ದೆ. ಕೊನೆಯ ಸೀಸನ್ನಿನ 19ನೆಯ ಕಂತಿನಲ್ಲಿ ಅವನ ಶಕ್ತಿಯೆಲ್ಲ ಹೋಗಿ, ಸಹೋದರರು ಮೊದಲ ಬಾರಿಗೆ ಯಾರೂ ಬರೆಯದ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುತ್ತಾರೆ. ಮರುವಾರವೇ ಒಬ್ಬ ಸಾಯುತ್ತಾನೆ. ಸ್ವಾತಂತ್ರ್ಯದ ರುಚಿ ನೋಡಲು ಬಿಟ್ಟದ್ದು ಅಷ್ಟೇ ಕಾಲ.

ಕ್ಯಾಸ್ಟಿಯಲ್‌ನ ವಿಷಯವೂ ಹಾಗೆಯೇ. ನವೆಂಬರ್ 5ರಂದು ಪ್ರಸಾರವಾದ ಕಂತಿನಲ್ಲಿ ಅವನು ಡೀನ್‌ಗೆ ತನ್ನ ಪ್ರೀತಿಯನ್ನು ಹೇಳಿಕೊಂಡು ಶೂನ್ಯಲೋಕದ ಪಾಲಾಗುತ್ತಾನೆ. ವರ್ಷಗಳಿಂದ ಆ ಮಾತಿಗೆ ಕಾದವರು ಅಂದು ಹಿಗ್ಗಿದರು. ಎರಡು ವಾರದ ಬಳಿಕ, ಸತ್ತ ಡೀನ್ ಸೇರಿದ ಸ್ವರ್ಗದಲ್ಲಿ ಕ್ಯಾಸ್ಟಿಯಲ್‌ನ ಹೆಸರಷ್ಟೇ ಕೇಳಿಬಂದಾಗ ಅವರೇ ಕಿಡಿಕಾರಿದರು. ಎರಡು ಕಂತುಗಳು ಬಾಕಿಯಿರುವಾಗ ಕೋವಿಡ್‌ನಿಂದ ಚಿತ್ರೀಕರಣ ನಿಂತು, ಆಗಸ್ಟ್‌ನಲ್ಲಿ ನಿರ್ಬಂಧಗಳ ನಡುವೆ ಮುಂದುವರಿದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ವರ್ಗ ಅಷ್ಟು ಬಿಕೋ ಎನ್ನುವುದಕ್ಕೆ ಅದೂ ಒಂದು ಕಾರಣ. ಡೀನ್‌ನ ಪಾತ್ರ ಮಾಡಿದ ಜೆನ್ಸನ್ ಆಕಲ್ಸ್ ಅವರಿಗೇ ಈ ಕೊನೆ ಮೊದಲಿಗೆ ಗಂಟಲಲ್ಲಿ ಇಳಿಯದೆ, ಕ್ರಿಪ್ಕಿ ಅವರೊಂದಿಗೆ ಮಾತನಾಡಿದ ಮೇಲಷ್ಟೇ ಸಮಾಧಾನವಾಯಿತೆಂದು ಅವರು ಬಹಿರಂಗವಾಗಿ ಹೇಳಿದ್ದಾರೆ. ನಿಮಗೂ ಸ್ವಲ್ಪ ಕಾಲಾವಕಾಶ ಬೇಕಾದರೆ ತಪ್ಪಿಲ್ಲ.

ತೀರ್ಪು ಕೇಳಿದ್ದೀರಿ: ಅಕ್ಕ 20ನೆಯ ಕಂತಿನವರೆಗೆ ನೋಡಲಿ, ನೀವು 19ಕ್ಕೆ ಟಿವಿ ಆರಿಸಿ ಎದ್ದುಬಿಡಿ. ಎರಡೂ ಮುಕ್ತಾಯಗಳೇ. ಮುದುಕನಾದ ಸ್ಯಾಮ್‌ನ ತಲೆಗೆ ಹಾಕಿದ ಆ ನರೆತ ವಿಗ್ಗನ್ನು ಮಾತ್ರ ಯಾವ ಪಂಗಡದವರೂ ಸಮರ್ಥಿಸಿದ್ದನ್ನು ನಾನು ಕಂಡಿಲ್ಲ.